ಬಾಗಿಲಿಲ್ಲದ ಸಾಲು

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿದ್ದ ಆಕೆ ಎಲ್ಲರ ಬಾಯಲ್ಲೂ ಅಕ್ಕ. ಮನುಷ್ಯರ ಕೋಶಗಳನ್ನು ಸೀಸೆಯಲ್ಲಿ ಸಾಕುವುದು, ಮೂರು ದಿನಕ್ಕೊಮ್ಮೆ ಒಂದಷ್ಟನ್ನು ಹೊಸ ಸೀಸೆಗೆ ಬಿಡುವುದು, ಎಷ್ಟನೆಯ ತಲೆಮಾರೆಂದು ಮೇಲೆ ಬರೆಯುವುದು, ಇದರಲ್ಲೆಲ್ಲ ಆಕೆಯದು ಎತ್ತಿದ ಕೈ. ಇದ್ದ ದೌರ್ಬಲ್ಯ ಒಂದೇ: ಯಾವುದನ್ನೂ ಎಸೆಯಲು ಮನಸ್ಸು ಬಾರದು. ಮನೆಯಲ್ಲಿ ಮುಚ್ಚಳ ಕಳೆದ ಡಬ್ಬಿಗಳೇ ಹದಿನೇಳು. ಪ್ರಯೋಗಾಲಯದಲ್ಲಿ ಅರವತ್ತು ತಲೆಮಾರು ದಾಟಿದ ಒಂದು ಸೀಸೆ. ಅದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದಳು.

ಆ ಬುಧವಾರ ಬೆಳಿಗ್ಗೆ ಯುವ ಸಂಶೋಧಕ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದವನೇ ಕುಣಿದಾಡಿಬಿಟ್ಟ. ಕೊರೋನಾ ವೈರಸ್ಸು ಕೋಶದ ಮೈಮೇಲಿನ ಒಂದು ಬಾಗಿಲಿಗೆ ತನ್ನ ಮುಳ್ಳು ತಗುಲಿಸಿ ಒಳನುಗ್ಗುತ್ತದೆ. ಆ ಬಾಗಿಲಿಗೆ ಮೊದಲೇ ಅಡ್ಡ ನಿಲ್ಲುವ ಮದ್ದನ್ನು ಅವನು ಹುಡುಕುತ್ತಿದ್ದ. ಪರೀಕ್ಷೆಗೆ ಬಳಸಿದ್ದು ರೋಗ ತಾರದ ನಕಲಿ ವೈರಸ್ಸು. ಅದು ಹೊಕ್ಕ ಕೋಶ ಹಸಿರಾಗಿ ಮಿನುಗುತ್ತದೆ. ತಟ್ಟೆಯಲ್ಲಿ ಬಿತ್ತಿದ ಕೋಶಗಳಿಗೆ ಸಾಲಿಗೊಂದರಂತೆ ಏಳು ಮದ್ದು ಹಾಕಿದ್ದ. ಆರು ಸಾಲುಗಳೂ ಮಿನುಗಿದ್ದವು. ಏಳನೆಯದು, ತಟ್ಟೆಯ ಕೊನೆಯ ಸಾಲು, ಪೂರ್ತಿ ಕತ್ತಲೆ. ಏಳೂ ಸೋತರೆ ಶುಕ್ರವಾರದ ಸಭೆಯಲ್ಲಿ ಅವನ ಯೋಜನೆಯನ್ನೇ ಮುಚ್ಚುವುದೆಂದು ತೀರ್ಮಾನವಾಗಿತ್ತು.

"ಅಕ್ಕಾ, ಒಂದು ಚುಕ್ಕೆನೂ ಹಸಿರಿಲ್ಲ! ಗೆದ್ವಿ!"

ಅಕ್ಕನ ಮುಖ ಕಳೆಗುಂದಿತು. ಕೊನೆಯ ಸಾಲಿಗೆ ಕೋಶಗಳು ಕಡಿಮೆ ಬಿದ್ದಾಗ ಆಕೆ ಅಜ್ಜಿಯಿಂದ ತೆಗೆದು ತುಂಬಿದ್ದಳು.

"ಕುಣಿಯೋದು ಸ್ವಲ್ಪ ನಿಲ್ಸಪ್ಪ. ಆ ಸಾಲು ಅಜ್ಜಿದು. ವಯಸ್ಸಾಗ್ತಾ ಇವು ಬಾಗಿಲನ್ನೇ ಕಳ್ಕೊಳ್ತವೆ. ಬಾಗಿಲೇ ಇಲ್ಲದ ಮನೆಗೆ ಕಳ್ಳ ನುಗ್ಗಲಿಲ್ಲ ಅಂತ ಕಾವಲುಗಾರನಿಗೆ ಹಾರ ಹಾಕ್ತೀಯಾ?"

ಅವನು ಸ್ಟೂಲಿನ ಮೇಲೆ ಕುಸಿದ. "ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಂಗೆ ಗೊತ್ತಲ್ಲ. ತಪ್ಪು ನಂದೇ. ಎದ್ದೇಳು, ಎಳೇ ಕೋಶ ಕೊಡ್ತೀನಿ. ಇವತ್ತೇ ಹಾಕಿದ್ರೆ ಸಭೆಗೆ ಮುಂಚೆ ಉತ್ತರ ಸಿಗತ್ತೆ."

ಶುಕ್ರವಾರ ಬೆಳಿಗ್ಗೆ ಇಬ್ಬರೂ ಸರದಿಯಲ್ಲಿ ಕಣ್ಣಿಟ್ಟು ನೋಡಿದರು. ಮದ್ದು ಹಾಕದ ಸಾಲು ಹುಲ್ಲುಗಾವಲಿನಂತೆ ಹಸಿರು. ಏಳನೆಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಎಣಿಸಿದರೆ ನೂರು ಕೋಶಕ್ಕೆ ಹನ್ನೊಂದು.

"ಹನ್ನೊಂದು ಜನ ಕಳ್ಳರು ನುಗ್ಗಿದ್ರಲ್ಲ, ಅಕ್ಕಾ!"

"ನುಗ್ಗಲಿ ಬಿಡು. ಬಾಗಿಲಿದೆ ಅನ್ನೋದಕ್ಕೆ ಅವರೇ ಸಾಕ್ಷಿ."

ಸಭೆ ಯೋಜನೆಗೆ ಇನ್ನೊಂದು ವರ್ಷ ಕೊಟ್ಟಿತು. ಮಧ್ಯಾಹ್ನ ಅಕ್ಕ ಅಜ್ಜಿಯ ಸೀಸೆಗೆ ತಾನೇ ಬ್ಲೀಚು ಸುರಿದು, ಪುಸ್ತಕದಲ್ಲಿ "ತಲೆಮಾರು ಅರವತ್ತಮೂರು, ವಿಸರ್ಜಿಸಲಾಯಿತು" ಎಂದು ದುಂಡಗೆ ಬರೆದಳು.

ಸಂಜೆ ಸುದ್ದಿ ಕೇಳಿದ ಗಂಡನ ಕಣ್ಣು ಅಡುಗೆಮನೆಯ ಡಬ್ಬಿಗಳತ್ತ ಆಸೆಯಿಂದ ಹೊರಳಿತು.

"ಹಾಗಾದ್ರೆ ಇವನ್ನೂ..."

"ಅವುಗಳ ತಂಟೆಗೆ ಬಂದ್ರೆ ಜೋಕೆ," ಎಂದಳು ಅಕ್ಕ.