ಬಾಯಿ ತೆಗೆಯದ ಹುಡುಗಿಗೆ ಶಿಫಾರಸು ಪತ್ರ

ನನ್ನ ಮೊಮ್ಮಗಳು ಪವಿತ್ರಾಳಿಗೆ ಪ್ರೊಫೆಸರ್ ಶಿಫಾರಸು ಪತ್ರ ಕೊಡದೆ ಕಳಿಸಿದ್ದು ಅವಳು ಒಳ್ಳೆಯ ಹುಡುಗಿ ಆಗಿದ್ದಕ್ಕೆ. ಬೇರೆ ಕಾರಣವಿಲ್ಲ. ಜಾತಿ ನೋಡಿದರು ಅಂದವರಿದ್ದಾರೆ, ಕೈ ಬಿಸಿ ಮಾಡಬೇಕಿತ್ತು ಅಂದವರೂ ಇದ್ದಾರೆ. ಎರಡೂ ಸುಳ್ಳು. ನಾನು ಅಲ್ಲೇ ಇದ್ದೆ.

ಇದು ನಡೆದು ಎರಡು ವರ್ಷವಾಯಿತು. ಆಗ ನಾನು ತಮಿಳುನಾಡಿನ ಹೊಸೂರಿನ ಒಂದು ಕಾಲೇಜಿನಲ್ಲಿ ಆಯಾ ಆಗಿದ್ದೆ. ಎಲ್ಲರಿಗಿಂತ ಮೊದಲು ಹೋಗಿ ಸ್ಟಾಫ್ ರೂಮಿನ ಬೀಗ ತೆಗೆಯುವುದು, ಗುಡಿಸಿ ಒರೆಸುವುದು, ಕುಡಿಯುವ ನೀರು ತುಂಬಿಡುವುದು ನನ್ನ ಕೆಲಸ. ನಾನು ಓದಿದ್ದು ಮೂರನೇ ಕ್ಲಾಸು. ಮಗಳ ಮಗಳು ಪವಿತ್ರಾ ಅಲ್ಲೇ ಬಿ.ಎಸ್ಸಿ. ಬಾಟನಿ, ಅಂದರೆ ಗಿಡಮರಗಳ ವಿದ್ಯೆ, ಕೊನೆಯ ವರ್ಷ ಓದುತ್ತಿದ್ದಳು. ಹುಟ್ಟಿದಾಗಿನಿಂದ ಇರುವುದು ನನ್ನ ಜೊತೆಯಲ್ಲೇ.

ಅವಳಿಗೆ ಕೊಯಮತ್ತೂರಿನಲ್ಲಿ ಎಂ.ಎಸ್ಸಿ. ಓದುವ ಆಸೆ. ಮಾರ್ಕ್ಸ್ ಕಾರ್ಡ್ ಒಂದೇ ಸಾಲದು, ಪಾಠ ಹೇಳಿದ ಪ್ರೊಫೆಸರ್ ಒಬ್ಬರ ಶಿಫಾರಸು ಪತ್ರವೂ ಬೇಕು ಎಂದು ಅಲ್ಲಿಯವರು ಕೇಳಿದ್ದರು. ಶಿಫಾರಸು ಅಂದರೆ ಎಂ.ಎಲ್.ಎ. ಬರೆದುಕೊಡುವ ಚೀಟಿ ಅಂದುಕೊಂಡಿದ್ದೆ. ಇದು ಹಾಗಲ್ಲ. ಈ ಹುಡುಗಿ ಹೇಗೆ ಯೋಚಿಸುತ್ತಾಳೆ, ಏನು ಬಲ್ಲಳು ಎಂದು ಮೇಷ್ಟ್ರು ತಾವು ಕಂಡದ್ದನ್ನು ಬರೆಯಬೇಕು. ಆ ವಾರದೊಳಗೆ ಪತ್ರ ಹೋಗಬೇಕಿತ್ತು. ಹೋಗದಿದ್ದರೆ ಓದು ಅಲ್ಲಿಗೆ ಮುಗಿಯಿತು. ಅವಳಪ್ಪ ಸೂಳಗಿರಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಮಾತಾಡಿ ಇಟ್ಟಿದ್ದ.

ಅವಳು ಬಾಟನಿ ಸಾರ್ ಹತ್ತಿರ ಪತ್ರ ಕೇಳಲು ಸ್ಟಾಫ್ ರೂಮಿನೊಳಗೆ ಹೋದಷ್ಟೇ ಬೇಗ ಹೊರಗೆ ಬಂದಳು. ನಾನು ವರಾಂಡ ಒರೆಸುತ್ತಿದ್ದೆ.

“ಏನಂದ್ರೇ ಸಾರ್?”

“ನೀನ್ಯಾರು ಅಂದ್ರು.”

ಮೂರು ವರ್ಷ ಅವರೆದುರು ಕೂತ ಹುಡುಗಿ. ಒಂದು ದಿನವೂ ಕ್ಲಾಸು ತಪ್ಪಿಸಿದವಳಲ್ಲ.

ಅಷ್ಟರಲ್ಲಿ ಮುನಿರಾಜು ಹೊರಗೆ ಬಂದ. ಬೇರಿಕೆ ಊರಿನ ಹುಡುಗ, ಅವಳ ಕ್ಲಾಸಿನವನೇ. ಕ್ಲಾಸಿನಲ್ಲಿ ಸಾರ್ ಜೊತೆ ವಾದ ಹಾಕಿ ಎಷ್ಟೋ ಸಲ ಬಾಗಿಲಾಚೆ ನಿಂತವನು; ಅವನ ಗಂಟಲು ನನಗೆ ವರಾಂಡದವರೆಗೂ ಕೇಳುತ್ತಿತ್ತು. ಅವನ ಕೈಯಲ್ಲಿ ಪತ್ರ.

“ಎರಡು ಪೇಜ್ ಬರ್ದವ್ರೆ ಕಣಜ್ಜಿ,” ಎಂದು ಹಲ್ಲು ಕಿರಿದು ಮೆಟ್ಟಿಲಿಳಿದ.

ನಾನು ಬಕೆಟ್ ಅಲ್ಲೇ ಬಿಟ್ಟು ಒಳಗೆ ಹೋದೆ. ಸಾರ್ ಕೆಟ್ಟವರಲ್ಲ. ಟೀ ಕುಡಿದ ಲೋಟ ತಾವೇ ತೊಳೆದಿಡುವ ಮನುಷ್ಯ. ಅವಳು ನನ್ನ ಮೊಮ್ಮಗಳು, ಸಾಕಿದವಳೂ ನಾನೇ ಎಂದಾಗ ಅವರೂ ಬೆಚ್ಚಿದರು. ನಾನು ಯಾರಿಗೂ ಹೇಳಿರಲಿಲ್ಲ. ತಮಿಳಿನಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಮಾರ್ಕ್ಸು ಕಾರ್ಡಿನಲ್ಲೇ ಇದೆಯಂತೆ. ಅದರಾಚೆಗೆ ಬರೆಯಲು ಅವರಿಗೆ ಏನೂ ಗೊತ್ತಿಲ್ಲವಂತೆ, ಸುಳ್ಳು ಬರೆಯುವುದಿಲ್ಲವಂತೆ. ಮುನಿರಾಜು ಒಂದೊಂದು ಪಾಠಕ್ಕೂ ಜಗಳ ಆಡಿದ್ದಾನೆ, ಅವನನ್ನು ಬಲ್ಲೆ ಎಂದರು. ಆಮೇಲೆ ನನ್ನನ್ನೇ ಕೇಳಿದರು:

“ಸಾಕಿದವರು ನೀವಲ್ಲವಾಮ್ಮಾ? ಅವಳ ತಲೆಯಲ್ಲಿ ಏನು ಓಡುತ್ತೆ, ಒಂದು ಮಾತು ಹೇಳಿ. ಅದನ್ನೇ ಅವಳನ್ನು ಕೇಳಿ ನೋಡಿ ಬರೀತೀನಿ.”

“ಒಳ್ಳೆ ಹುಡ್ಗಿ ಸಾರ್. ಬಾಯೇ ತೆಗೆಯಲ್ಲ,” ಅಂದೆ. ಅದರಾಚೆಗೆ ನನಗೂ ಏನೂ ಗೊತ್ತಿರಲಿಲ್ಲ. ಸಾರ್‌ಗಾದರೂ ಕ್ಲಾಸಿನ ತುಂಬ ಹುಡುಗರು. ನನ್ನ ಮನೆಯಲ್ಲಿ ಇದ್ದವಳು ಇವಳೊಬ್ಬಳೇ.

ಸಂಜೆ ಇಬ್ಬರೂ ಮನೆಗೆ ಹೋಗುವಾಗ ಸಾನಮಾವು ಕಾಡಿನ ಹತ್ತಿರ ಆನೆಗಳು ದಾಟುತ್ತಿವೆ ಎಂದು ಬಸ್ಸು ನಿಲ್ಲಿಸಿದರು. ಕೂತಲ್ಲೇ ಕೇಳಿದೆ, ನಿನ್ನ ತಲೆಯಲ್ಲಿ ಏನೇ ಓಡುತ್ತೆ ಅಂತ. ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

“ಒಂದು ಡೌಟ್ ಐತಜ್ಜಿ. ಹೋದ ವರ್ಷದಿಂದ ಐತೆ.”

“ಕೇಳಕ್ಕೆ ಏನು ರೋಗ ನಿಂಗೆ?”

“ನೀನೇ ತಾನೆ ಹೇಳಿದ್ದು, ನಾನು ಕಸ ಗುಡಿಸೋ ಜಾಗ, ಬಾಯಿ ಮುಚ್ಕೊಂಡು ಓದ್ಕೊಂಡು ಬಾ ಅಂತ.”

ಹೇಳಿದ್ದೆ, ಕಾಲೇಜಿಗೆ ಸೇರಿದ ದಿನ. ಅದನ್ನು ಮೂರು ವರ್ಷ ಹಾಗೇ ಹಿಡಿದುಕೊಂಡು ಕೂತಿದ್ದಾಳೆ ಎಂದು ನನಗೆ ಬಸ್ಸಿನಲ್ಲೇ ಗೊತ್ತಾದದ್ದು. ಸದ್ದಿಲ್ಲದೆ ಗುಡಿಸಿ ಹೋಗುವವಳನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಯಾ ಕೆಲಸಕ್ಕೆ ಅದು ಸರಿ. ಓದುವ ಹುಡುಗಿಗೆ ಅದೇ ಬುದ್ಧಿ ಹೇಳಿಕೊಟ್ಟರೆ ಅವಳು ಇದ್ದೂ ಇಲ್ಲದವಳಾಗುತ್ತಾಳೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಮಾರನೆಯ ಬೆಳಿಗ್ಗೆ ಸಾರ್ ಬಂದು ಕೂತ ಕೂಡಲೇ ಅವಳನ್ನು ಒಳಗೆ ದಬ್ಬಿ, ಬಾಗಿಲಿಗೆ ಪೊರಕೆ ಅಡ್ಡ ಹಿಡಿದು ನಿಂತೆ. ಅವಳು ತಿರುಗಿ ನೋಡಿದಳು.

“ಕೇಳೇ,” ಅಂದೆ.

ತಲೆ ತಗ್ಗಿಸಿಯೇ ಕೇಳಿದಳು. ಎಥಿಲೀನ್ ಅನ್ನುವ ಗಾಳಿ ಕಾಯನ್ನು ಹಣ್ಣು ಮಾಡುತ್ತದೆ ಎಂದು ಸಾರ್ ಪಾಠ ಮಾಡಿದ್ದರಂತೆ. ನಮ್ಮ ಹೊಲದಲ್ಲಿ ಒಂದೇ ದಿನ ಕಿತ್ತು ಒಂದೇ ಕ್ರೇಟಿಗೆ ಹಾಕಿದ ಟೊಮೇಟೊದಲ್ಲಿ ಒಂದು ಕೆಂಪಾಗುತ್ತದೆ, ಪಕ್ಕದ್ದು ಹಸಿರಾಗಿದ್ದೇ ಕೊಳೆಯುತ್ತದೆ. ಗಾಳಿ ಎರಡಕ್ಕೂ ಒಂದೇ ಅಲ್ಲವಾ, ಮತ್ತೆ ಅದು ಯಾಕೆ ಹಣ್ಣಾಗಲಿಲ್ಲ?

ಸಾರ್ ಪೆನ್ನು ತೆಗೆದುಕೊಂಡರು.

“ಇನ್ನೊಂದು ಸಲ ಹೇಳು. ಮೊದಲು ನಿನ್ನ ಹೆಸರು ಹೇಳು.”

ನಾನು ಬಾಗಿಲು ಬಿಟ್ಟು ವರಾಂಡ ಗುಡಿಸಲು ಹೋದೆ.