ಗೋಡೆಯ ಬುಡದ ಬೆರಳಗಲ ಜಾಗ

1997ರಲ್ಲಿ ಲಿಂಗಸುಗೂರಿನಲ್ಲಿ ನನ್ನದೊಂದು ಮರಗೆಲಸದ ಅಂಗಡಿ ಇತ್ತು. ಹೈದರಾಬಾದಿನಲ್ಲಿ ಮರದ ನೆಲ ಹಾಕುವ ಕೆಲಸ ಕಲಿತು ಬಂದಿದ್ದೆ. ಆದರೆ ಇಲ್ಲಿ ಸಿಗುತ್ತಿದ್ದದ್ದು ಬಾಗಿಲು, ಕಿಟಕಿ, ಮಂಚ ಅಷ್ಟೇ. ನಮ್ಮ ಕಡೆ ಕಲ್ಲು ಬಿಟ್ಟು ಮರದ ಮೇಲೆ ಓಡಾಡುವ ಆಸೆ ಯಾರಿಗಿರುತ್ತದೆ? ಹಾಗಿರುವಾಗ ಆ ಬೇಸಿಗೆಯಲ್ಲಿ ಸಿಂಧನೂರಿನಿಂದ ಕರೆ ಬಂತು.

ಗೊರೇಬಾಳದ ದಾರಿಯಲ್ಲಿ, ಭತ್ತದ ಗದ್ದೆಗೆ ಅಂಟಿಕೊಂಡಂತೆ ಒಂದು ಹೊಸ ಮನೆ. ಯಜಮಾನರು ಬಸನಗೌಡರು. ಅವರ ಹೆಂಡತಿ ಶಾರದಾ ಬಳ್ಳಾರಿಯಲ್ಲಿ ಭರತನಾಟ್ಯ ಕಲಿತವರು. ಮದುವೆಯಾಗಿ ಬಂದ ಮೇಲೆ ಕಲ್ಲಿನ ನೆಲದಲ್ಲಿ ಕುಣಿದು ಮೊಣಕಾಲು ಕೆಡಿಸಿಕೊಂಡಿದ್ದರು. ಕಲ್ಲಿನ ಮೇಲೆ ಇನ್ನು ಹೆಜ್ಜೆ ಹಾಕಬೇಡಿ ಎಂದು ಡಾಕ್ಟರು ಹೇಳಿ ವರ್ಷಗಳಾಗಿದ್ದವು. ಮನೆ ಕಟ್ಟುವಾಗ ಆಕೆ ಕೇಳಿದ್ದು ಒಂದೇ, ಒಂದು ಕೋಣೆಗೆ ಮರದ ನೆಲ. ಶ್ರಾವಣದಲ್ಲಿ ಗೃಹಪ್ರವೇಶ, ಅಂದೇ ಗೆಜ್ಜೆ ಕಟ್ಟುವುದೆಂದು ಮನಸ್ಸು ಮಾಡಿದ್ದರು. ನಾನು ಹಲಗೆ ಕೂಡಿಸುವಾಗ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ನೋಡುತ್ತಲೇ ಇರುತ್ತಿದ್ದರು.

ನಾನು ಹಾಕಿದ್ದು ಫ್ಲೋಟಿಂಗ್ ಫ್ಲೋರ್, ಅಂದರೆ ತೇಲುವ ನೆಲ. ಅದರಲ್ಲಿ ಹಲಗೆಗಳನ್ನು ಕಾಂಕ್ರೀಟಿಗೆ ಅಂಟಿಸುವುದಿಲ್ಲ, ಮೊಳೆಯನ್ನೂ ಹೊಡೆಯುವುದಿಲ್ಲ. ತೆಳ್ಳನೆಯ ಫೋಮಿನ ಮೇಲೆ ಒಂದಕ್ಕೊಂದು ಸಿಕ್ಕಿಸುತ್ತ ಹೋಗುತ್ತೇವೆ. ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ. ಅದಕ್ಕಾಗಿ ನಾಲ್ಕೂ ಗೋಡೆಯ ಬುಡದಲ್ಲಿ ಹನ್ನೆರಡು ಮಿಲಿಮೀಟರ್ ಎಕ್ಸ್‌ಪಾನ್ಷನ್ ಗ್ಯಾಪ್, ಅಂದರೆ ಹಿಗ್ಗಲು ಬೆರಳಗಲ ಸಂದು, ಬಿಡಬೇಕು. ಆ ಸಂದು ಮುಚ್ಚುವ ಮರದ ಪಟ್ಟಿ ಇನ್ನೂ ಬಂದಿರಲಿಲ್ಲ. ಸಂದು ಯಾಕೆಂಬುದನ್ನೂ ಪಟ್ಟಿ ಬಂದ ಮೇಲೆ ಹೊಡೆಯುತ್ತೇನೆಂಬುದನ್ನೂ ಗೌಡರೊಬ್ಬರಿಗೇ ಹೇಳಿ ಊರಿಗೆ ಹೋದೆ.

ಶ್ರಾವಣ ಹತ್ತಿರವಾಗುವಾಗ ಗೌಡರ ಫೋನು, ನೆಲ ಪೂರಿಯಂತೆ ಉಬ್ಬಿದೆ ಎಂದು. ಪಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೊರಟೆ. ಮಸ್ಕಿ ದಾಟಿದ ಮೇಲೆ ಗಾಳಿಯೇ ಬೇರೆ, ಮೈಗಂಟುವ ತೇವ. ಕಾಲುವೆ ಬಿಟ್ಟಿದ್ದರು, ಗದ್ದೆಗಳಲ್ಲಿ ನೀರು ನಿಂತಿತ್ತು.

ಕೋಣೆಗೆ ಹೋಗಿ ನೋಡಿದರೆ ನಾನು ಬಿಟ್ಟ ಸಂದಿನ ತುಂಬ ಸಿಮೆಂಟು! ಹಿಗ್ಗಿದ ಮರ ಸರಿಯಲು ಜಾಗವಿಲ್ಲದೆ ಮೇಲೆದ್ದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಗೌಡರ ತಾಯಿ ಈರಮ್ಮ ಮುಂದೆ ಬಂದರು.

“ಸಂದ್ಯಾಗ ಚೇಳು ಹೊಕ್ಕಾವಂತ ನಾನೇ ತುಂಬಿಸೀನಪಾ. ಬರಿಗಾಲಿಲೆ ಕುಣಿಯಾಕಿ ಆಕಿ.”

ಏರಿದ ಸಿಟ್ಟು ಅಲ್ಲೇ ಇಳಿಯಿತು.

ಗೌಡರು ಮಾತ್ರ ಬೇಸತ್ತಿದ್ದರು. “ಇದು ನಮ್ಮೂರಿಗೆ ಆಗಿಬರಂಗಿಲ್ರಿ. ಕಿತ್ತುಬಿಡ್ರಿ, ಕಡಪಾ ಕಲ್ಲು ಹಾಕಸ್ತೀನಿ.”

ಶಾರದಾ ಬಾಗಿಲು ದಾಟಿ ಒಳಗೆ ಬಂದರು. ಉಬ್ಬಿದ ಹಲಗೆಯ ಮೇಲೆ ಒಂದು ಪಾದವಿಟ್ಟು ಮೆಲ್ಲಗೆ ಸವರಿದರು. ಸಿಕ್ಕೂ ಸಿಗದೆ ಹೋಗುವುದನ್ನು ನೋಡುವ ಆ ಮುಖವನ್ನು ನನ್ನಿಂದ ನೋಡಲಾಗಲಿಲ್ಲ.

“ಗೃಹಪ್ರವೇಶದ ತನಕ ತಡೀರಿ ಗೌಡ್ರ,” ಎಂದೆ.

ಉಳಿ ತೆಗೆದು ಕೂತೆ. ಇನ್ನೊಂದು ಉಳಿ ಹಿಡಿದು ಈರಮ್ಮನೂ ಒಂದು ಮೂಲೆಯಲ್ಲಿ ಕೂತರು. ಬೇಡವೆಂದರೂ ಕೇಳಲಿಲ್ಲ. ಸಿಮೆಂಟು ಬಿಡಿಸಿದ ಮೇಲೆ ನೆಲ ದಿನದಿನಕ್ಕೆ ಇಳಿಯುತ್ತ ಬಂತು. ಸೀಳಿದ ಹಲಗೆಗಳನ್ನು ಬದಲಿಸಿದೆ. ಸಂದು ಮುಚ್ಚುವ ಪಟ್ಟಿಗಳನ್ನು, ಹಲಗೆಗೆ ಮೊಳೆ ತಾಗಿಸದೆ, ಗೋಡೆಗಷ್ಟೇ ಹೊಡೆದೆ. ಮರಕ್ಕೆ ಜಾಗ ಉಳಿಯಿತು, ಚೇಳಿಗೆ ಉಳಿಯಲಿಲ್ಲ.

ಗೃಹಪ್ರವೇಶದ ಸಂಜೆ ಶಾರದಾ ಗೆಜ್ಜೆ ಕಟ್ಟಿ ಕೋಣೆಯ ನಡುವೆ ನಿಂತರು. ಕಾಲು ಏಳಲಿಲ್ಲ.

“ಮರತೀನೇನೋ ಅನ್ನಸ್ತದ್ರಿ ಅತ್ತಿ,” ಎಂದರು.

ಹೊಸ್ತಿಲಲ್ಲಿ ಕೂತಿದ್ದ ಈರಮ್ಮ ಹೇಳಿದರು, “ಮರತಿದ್ರ ನಿದ್ದ್ಯಾಗ ಕಾಲು ಕುಣಸ್ತಿದ್ದಿಲ್ಲ ನೀ. ಹಾಕವಾ ಹೆಜ್ಜಿ.”

ಹಾಕಿದರು.

ಅಂದಿನಿಂದ ಮರದ ನೆಲ ಹಾಕಿದ ಯಾವ ಮನೆಯಲ್ಲೂ ಸಂದು ಯಾಕೆ ಬಿಡುತ್ತೇನೆಂಬುದನ್ನು ಯಜಮಾನರಿಗಷ್ಟೇ ಹೇಳಿ ಬಂದವನಲ್ಲ. ಆ ಮನೆಯವರ ಕಾಲಿಗೆ ಏನು ಚುಚ್ಚೀತೋ ಎಂದು ಅಂಜುವವರು ಯಾರೆಂದು ಕೇಳಿ, ಮೊದಲು ಅವರನ್ನು ಕೂರಿಸಿಕೊಂಡು ಹೇಳಿದ್ದೇನೆ. ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಮರದ ಮೇಲೆ ಬಿದ್ದ ಆ ಮೊದಲ ಹೆಜ್ಜೆಯ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂದು ಈಗಲೂ ಜೀವ ಎಳೆಯುತ್ತದೆ.