ಸಾಮಾನಿಗಲ್ಲದ ಕಂಬಳಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಾಡಿಗೆ ವ್ಯಾನುಗಳು ನಿಲ್ಲುವ ಅಂಗಳದ ಕಬ್ಬಿಣದ ಗೇಟನ್ನು ಭುಜದಿಂದ ತಳ್ಳಿಕೊಂಡು ಹಿರಿಯರೊಬ್ಬರು ಒಳಗೆ ಬರುತ್ತಾರೆ. ಬೆನ್ನ ಮೇಲೆ ದೊಡ್ಡ ಬಟ್ಟೆಗಂಟು. ಸಾಮಾನುಗಳು ಒಂದಕ್ಕೊಂದು ತಾಗಿ ತರಚದಂತೆ ನಡುವೆ ಇಡುವ ಹಳೆಯ ಹೊದಿಕೆಗಳು ಅದರಲ್ಲಿವೆ. ಕೊಳೆಯಾದವನ್ನು ಮನೆಗೆ ಒಯ್ದು, ಒಗೆಸಿ, ಹರಿದಲ್ಲಿ ಹೊಲಿಸಿ ಮತ್ತೆ ತರುವುದು ಇವರ ಪದ್ಧತಿ. ಗಂಟನ್ನು ಇಳಿಸಿ ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಾರೆ. ದೇವರ ಹತ್ತಿರ ಏನು ಕೇಳಿಕೊಳ್ಳುತ್ತಾರೋ ಅವರಿಗೇ ಗೊತ್ತು. ಆಮೇಲೆ ಗಂಟು ಬಿಚ್ಚಿ ಒಂದೊಂದೇ ಹೊದಿಕೆಯನ್ನು ಕೊಡವಿ ಇಡುತ್ತಾ ಹೋದವರು, ಕೆಂಪಂಚಿನ ಕಂದು ಕಂಬಳಿಯೊಂದು ಕೈಗೆ ಸಿಕ್ಕಿದಾಗ ತಟ್ಟನೆ ನಿಲ್ಲುತ್ತಾರೆ. ಅದನ್ನು ಕೊಡವುವುದಿಲ್ಲ. ಎದೆಗೆ ಹಿಡಿದುಕೊಂಡು, ಇವರ ಕೆಲಸ ನೋಡಲೆಂದು ಬಂದಿರುವ ನನಗೆ, ‘ಇದು ಸಾಮಾನಿಗಲ್ಲ’ ಎನ್ನುತ್ತಾರೆ.

ಅಂಗಳದ ಚಾಲಕರಿಗೆ ಇವರು ‘ತಕ್ಕಡಿ ಮಾವ’. ವ್ಯಾನುಗಳಿಗೆ ಸಾಮಾನು ಹೇರುವುದು ಇವರ ಕೆಲಸ. ಹೊಟ್ಟೆ ಬಿರಿಯುವಂತೆ ಉಂಡು ಇವರೆದುರು ಗಾಡಿ ಹತ್ತಬೇಡಿ, ಅರ್ಧ ಊಟ ಇಳಿಸಿ ಹೋಗು ಅಂತಾರೆ, ಎಂದು ಚಾಲಕನೊಬ್ಬ ಹೊಸಬರಿಗೆ ಬುದ್ಧಿ ಹೇಳುತ್ತಾನೆ. ಮಾವ ನಗುವುದಿಲ್ಲ. ‘ಉಂಡವನು ಬೆಲ್ಟು ಸಡಿಲ ಮಾಡ್ಕೋತಾನೆ. ಗಾಡಿ ಏನು ಮಾಡತ್ತೆ?’

ಮನೆ ಬದಲಿಸುವವರು, ಅಂಗಡಿ ಮುಚ್ಚುವವರು, ತೀರಿಕೊಂಡವರ ಕೋಣೆ ಖಾಲಿ ಮಾಡುವವರು ಇಲ್ಲಿಗೆ ಬಂದು ವ್ಯಾನು ಹಿಡಿಯುತ್ತಾರೆ. ದಿನಕ್ಕೆ ಐದಾರು ವ್ಯಾನು ಇವರ ಕೈಮೇಲೆ ಹೋಗುತ್ತವೆ. ಗಾಡಿ ಒಟ್ಟು ಎಷ್ಟು ತೂಗಬಹುದು ಎಂಬ ಕಾನೂನಿನ ಮಿತಿಯನ್ನು ಬಾಗಿಲ ಪಕ್ಕದ ತಗಡಿನಲ್ಲಿ ಕೊರೆದಿರುತ್ತಾರೆ. ಅದರಲ್ಲಿ ಗಾಡಿಯ ಸ್ವಂತ ತೂಕ ಕಳೆದು ಉಳಿದದ್ದಷ್ಟೇ ಹೊರೆಯ ಪಾಲು. ಡೀಸೆಲ್ಲು, ಚಾಲಕ, ಪಕ್ಕದಲ್ಲಿ ಕೂರುವವರು, ಅವರ ಮಡಿಲ ಕೂಸು, ಎಲ್ಲವೂ ಆ ಪಾಲಿನಲ್ಲೇ ಬರಬೇಕು. ಜನ ಲೆಕ್ಕಕ್ಕೆ ಹಿಡಿಯದೆ ಬಿಡುವುದು ಸ್ವಂತ ಮೈಯನ್ನೇ. ಭಾರದ್ದು ಕೆಳಗೆ, ಚಾಲಕನ ಬೆನ್ನಿನ ಗೋಡೆಗೆ ಒತ್ತಿ, ಹಗುರದ್ದು ಮೇಲೆ, ಎಡಬಲ ಸಮ, ಸಂದಿನಲ್ಲಿ ಹೊದಿಕೆ. ಪಟ್ಟಿಗಳನ್ನು ಅಡ್ಡಡ್ಡ ಬಿಗಿದು ಕೊಂಡಿಗೆ ಸಿಕ್ಕಿಸಿದ ಮೇಲೆ ಮಾವ ಬಗ್ಗಿ, ಹಿಂದಿನ ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಮುಷ್ಟಿ ತೂರಿಸುತ್ತಾರೆ. ಮುಷ್ಟಿ ಹಿಡಿಸದಿದ್ದರೆ ಇಳಿಸಬೇಕು. ಹಿಡಿಸಿದರೂ ಬೀದಿಯ ತುದಿಯ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗದೆ ಗಾಡಿ ಹೊರಡುವಂತಿಲ್ಲ. ಹೊತ್ತು ಹಾಳೆಂದು ಮಾಲೀಕ ಗೊಣಗುತ್ತಾನೆ. ಮಾವನಿಗೆ ಅದು ಕೇಳಿಸುವುದಿಲ್ಲ.

ಮೊದಲು ಇವರು ಕುರ್ಚಿ ಹೆಣೆಯುತ್ತಿದ್ದವರು. ಇಲ್ಲಿ ಚಾಲಕನಾಗಿದ್ದವನು ಇವರ ತಮ್ಮ. ಒಂದು ದಿನ ಅವನ ವ್ಯಾನಿಗೆ ಮನೆಸಾಮಾನಿನ ಜೊತೆ ಹಿಟ್ಟಿನ ಗಿರಣಿಯ ಎರಡು ಕಲ್ಲು ಬಂದವು. ಕಲ್ಲು ಮೊದಲು ಇಳಿಯಬೇಕಾಗಿದ್ದರಿಂದ ಅವನ್ನು ಕೊನೆಗೆ, ಹಿಂದಿನ ಬಾಗಿಲ ಹತ್ತಿರವೇ ಹೇರಿದರು. ಮೊದಲು ಇಳಿಯುವುದನ್ನು ಕೊನೆಗೆ ಹೇರುವುದು ಯಾರಿಗಾದರೂ ಸರಿಯೆಂದೇ ಕಾಣುತ್ತದೆ. ಆದರೆ ಹಿಂದಿನ ಚಕ್ರದಾಚೆ ಅಷ್ಟು ಭಾರ ಕೂತರೆ ಗಾಡಿಯ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರ ನೆಲವನ್ನು ಹಿಡಿಯುವುದಿಲ್ಲ. ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ, ಕೆಳಗಿನ ತಿರುವಿನ ಹತ್ತಿರ, ಅವನು ಸ್ಟೀರಿಂಗು ತಿರುಗಿಸಿದ. ಗಾಡಿ ತಿರುಗಲಿಲ್ಲ.

ತಮ್ಮನ ಚಪ್ಪಲಿ, ನೀರಿನ ಡಬ್ಬಿ, ಚಳಿಗೆ ಹೊದೆಯುತ್ತಿದ್ದ ಕಂಬಳಿ ಅಂಗಳದಲ್ಲೇ ಉಳಿದಿದ್ದವು. ಅವನ್ನು ಒಯ್ಯಲು ಅಣ್ಣ ಬಂದಾಗ, ಇನ್ನೊಂದು ವ್ಯಾನಿನ ಬಾಗಿಲಂಚಿಗೆ ಯಾರೋ ಬೀರು ಏರಿಸುತ್ತಿದ್ದರು. ಚಪ್ಪಲಿ ಕೆಳಗಿಟ್ಟು ಹೋಗಿ, ಬೀರುವಿಗೆ ಭುಜ ಕೊಟ್ಟು ಒಳಕ್ಕೆ ತಳ್ಳಿದರು. ‘ಸಾಮಾನು ತಗೊಂಡು ಹೋಗೋಕೆ ಬಂದವನು ಸ್ವಾಮಿ, ಹೋಗ್ಲೇ ಇಲ್ಲ. ಕುರ್ಚಿ ಕಡೆ ಮತ್ತೆ ಕೈ ಹೋಗ್ಲಿಲ್ಲ.’

ತಮ್ಮನ ಹೆಂಡತಿ, ಮಗಳು ಇವರ ಮನೆಯಲ್ಲೇ ಇದ್ದಾರೆ. ಇವರಿಗೆ ಸಂಸಾರವೆಂದರೆ ಅವರಿಬ್ಬರೇ. ಆ ತಾಯಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ಗೇಟಿನ ಕಡೆ ಬಂದವರಲ್ಲ. ಆದರೆ ಹೊದಿಕೆ ಒಗೆಯುವುದು, ಹೊಲಿಯುವುದು ಅವರದೇ ಕೈ. ಮಗಳನ್ನು ಎಲ್ಲರೂ ಪುಟ್ಟಿ ಎನ್ನುತ್ತಾರೆ. ಅವಳು ಗಾಡಿ ಕಲಿತು, ಲೈಸೆನ್ಸು ಪಡೆದು, ಇದೇ ಅಂಗಳದಲ್ಲಿ ಕೆಲಸ ಕೇಳಿ ಹಿಡಿದಳು. ಅಂದಿನಿಂದ ತಾಯಿ ಮಾತು ಬಿಟ್ಟಿದ್ದಾರೆ, ಮಗಳ ಜೊತೆಗಲ್ಲ, ಭಾವನ ಜೊತೆಗೆ. ‘ನೀವು ಬೇಡ ಅಂದಿದ್ರೆ ಅವಳು ಕೇಳ್ತಿದ್ಲು’ ಎಂದದ್ದೇ ಕೊನೆಯ ಮಾತು.

ಇಂದು ಪುಟ್ಟಿ ಮೊದಲ ಬಾರಿಗೆ ಹೊರೆ ಹೊತ್ತ ವ್ಯಾನನ್ನು ತಾನೇ ಓಡಿಸಬೇಕು. ಕೆಂಪಂಚಿನ ಕಂಬಳಿ ಅವಳ ಅಪ್ಪನದು. ಇಷ್ಟು ವರ್ಷ ಟ್ರಂಕಿನಿಂದ ಹೊರಗೆ ಬರದಿದ್ದ ಅದನ್ನು ಮಗಳಿಗೂ ಕೊಡದೆ, ಭಾವನಿಗೂ ಹೇಳದೆ ಗಂಟಿನೊಳಗೆ ಮಡಿಸಿಟ್ಟವರು ಯಾರೆಂದು ಕೇಳಬೇಕಾಗಿಲ್ಲ. ಹೋದವರ ಹೊದಿಕೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದು ಎಷ್ಟು ಭಾರದ ಕೆಲಸವೆಂಬುದು, ತೆಗೆಯಲು ಹೋಗಿ ಮತ್ತೆ ಮುಚ್ಚಳ ಮುಚ್ಚಿದವರಿಗೆ ತಿಳಿದಿದೆ. ಮಾವ ಅದನ್ನು ಪುಟ್ಟಿಯ ಆಸನದ ಬೆನ್ನಿಗೆ ಹೊದಿಸುತ್ತಾರೆ.

ಹೊರೆ ಹಿಂದಿನ ಬೀದಿಯದು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಗಂಡ ತೀರಿಕೊಂಡ ಮೇಲೆ ಅಂಗಡಿ ತೆರವು ಮಾಡುತ್ತಿರುವ ಹೆಂಗಸೊಬ್ಬರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಕಾಗದ ಕತ್ತರಿಸುವ ಕಬ್ಬಿಣದ ಯಂತ್ರವನ್ನು ಅದೇ ಇಳಿಜಾರಿನ ಕೆಳಗಿನ ಮುದ್ರಣಾಲಯದವರು ಕೊಂಡಿದ್ದಾರೆ. ಅದು ಮೊದಲು ಇಳಿಯಬೇಕು. ಕಪಾಟು, ಮಂಚ, ರಟ್ಟಿನ ಕಟ್ಟುಗಳೆಲ್ಲ ಅಕ್ಕನ ಮನೆಗೆ. ಯಂತ್ರವನ್ನು ಕೊನೆಗೆ ಹೇರಿ, ಬಾಗಿಲ ಹತ್ತಿರವೇ ಇರಲಿ ಎಂದು ಆಕೆ ಕೇಳಿಕೊಳ್ಳುತ್ತಾರೆ. ಎಲ್ಲವನ್ನೂ ಬೀದಿಗೆ ಇಳಿಸಿ ಮತ್ತೆ ಹೇರಲು ನನ್ನ ಕಡೆ ಯಾರಿದ್ದಾರೆ ಎನ್ನುತ್ತಾರೆ.

ಪುಟ್ಟಿಯ ಮನಸ್ಸು ಕರಗುತ್ತದೆ. ‘ಒಂದೇ ಒಂದು ಇಳಿಜಾರು, ದೊಡ್ಡಪ್ಪ. ನಿಧಾನಕ್ಕೆ ಹೋಗ್ತೀನಿ.’

‘ನಿಮ್ಮಪ್ಪನೂ ನಿಧಾನಕ್ಕೇ ಹೋಗಿದ್ದ, ಮಗಳೇ.’

ಯಂತ್ರ ಎಲ್ಲಕ್ಕಿಂತ ಮೊದಲು ಏರುತ್ತದೆ, ಚಾಲಕಿಯ ಬೆನ್ನಿನ ಗೋಡೆಗೆ ಒತ್ತಿ ಕೂರುತ್ತದೆ. ಕೆಳಗೆ ತಾನೇ ಬಂದು ಎಲ್ಲ ಇಳಿಸಿ, ಮತ್ತೆ ಹೇರಿಕೊಡುತ್ತೇನೆಂದು ಮಾವ ಆಕೆಗೆ ಮಾತು ಕೊಡುತ್ತಾರೆ. ಮುಷ್ಟಿ ಹಿಡಿಸುತ್ತದೆ. ವೇಬ್ರಿಡ್ಜಿನಲ್ಲಿ ಪುಟ್ಟಿಯೂ ಆ ಹೆಂಗಸೂ ಕೂತಾಗ ತೂಕ ಮಿತಿಗಿಂತ ಕೂದಲೆಳೆಯಷ್ಟು ಕಡಿಮೆ ಇದೆ. ಮಾವ ಹತ್ತಿ ಕೂತರೆ ಮೀರುತ್ತದೆ. ಎರಡು ಕಟ್ಟು ರಟ್ಟು ಬಿಟ್ಟು ಹೋಗೋಣ ಎಂದು ಪುಟ್ಟಿ ಹೇಳುತ್ತಾಳೆ. ರಟ್ಟು ಆಯಮ್ಮನ ಗಂಡನದು, ಕಾಲು ನನ್ನವು, ಎಂದು ಇವರು ಇಳಿದೇ ಬಿಡುತ್ತಾರೆ. ಟೀ ಅಂಗಡಿಯ ಮುಂದಿದ್ದ ಚಾಲಕನಿಗೆ ಇಷ್ಟು ಸಾಕು: ‘ನೋಡ್ರೋ, ಕೊನೆಗೆ ಮಾವ ತನ್ನನ್ನೇ ಇಳಿಸ್ಕೊಂಡ.’ ಪುಟ್ಟಿಗೂ ನಗು ಬರುತ್ತದೆ. ತಾನು ಬಸ್ಸು ಹತ್ತಿ ಹೋದ ಮೇಲೆಯೇ ಗಾಡಿ ಬಿಡಬೇಕೆಂದು ಅವಳಿಗೆ ಎರಡು ಸಲ ಹೇಳಿ ಮಾವ ಬಸ್ಸು ಹಿಡಿಯುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ.

ಇಳಿಜಾರಿನ ಕೆಳಗೆ ಇಳಿದುಕೊಳ್ಳುತ್ತೇವೆ. ತಿರುವಿನ ಕಲ್ಲುಗೋಡೆಯಲ್ಲಿ ವ್ಯಾನಿನ ಅಗಲದಷ್ಟು ಕಲ್ಲುಗಳು ಬೇರೆ ಬಣ್ಣದವು. ಮಾವ ಅದಕ್ಕೆ ಬೆನ್ನು ಹಾಕಿ, ಮೇಲಿನ ರಸ್ತೆಗೆ ಮುಖ ಮಾಡಿ ನಿಲ್ಲುತ್ತಾರೆ. ಇನ್ನೊಂದು ಗಾಡಿ ಬರುತ್ತದೆ, ಮತ್ತೊಂದು, ಆಮೇಲೆ ಸೈಕಲ್ಲು. ತುಟಿ ಅಲ್ಲಾಡುತ್ತಿದೆ, ಸ್ವರವಿಲ್ಲ. ಭಗವಂತನು ಕೆಲವರ ಮೊರೆಯನ್ನು ಆಲಿಸುತ್ತಾನೆ, ಕೆಲವರದನ್ನು ಏಕೋ ಆಲಿಸುವುದಿಲ್ಲ. ಕಾರಣ ಕೇಳಿ ಸೋತ ಮೇಲೂ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಅಲ್ಲಿ ನಮ್ಮಿಬ್ಬರ ಕೈಗಳೂ ಜೋಡಿಸಿಯೇ ಇವೆ.

ಕೊನೆಗೆ ಬಿಳಿ ವ್ಯಾನು ಮೇಲೆ ಕಾಣಿಸುತ್ತದೆ. ಮಾವ ಪುಟ್ಟಿಯ ಮುಖ ನೋಡುವುದಿಲ್ಲ, ಮುಂದಿನ ಚಕ್ರಗಳನ್ನು ನೋಡುತ್ತಾರೆ. ಮೂತಿ ಎದ್ದಿಲ್ಲ. ತಿರುವಿಗೆ ಬಂದಾಗ ಚಕ್ರ ವಾಲುತ್ತದೆ, ಅದರ ಹಿಂದೆ ಗಾಡಿಯೂ ತಿರುಗುತ್ತದೆ, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ವ್ಯಾನು ನಮ್ಮನ್ನು ದಾಟಿ ಹೋಗುತ್ತದೆ. ಮಾವ ಹಾಗೆಯೇ ರಸ್ತೆಯ ಅಂಚಿಗೆ ಕುಕ್ಕರಿಸುತ್ತಾರೆ. ಎಬ್ಬಿಸಲು ಕೈ ಕೊಟ್ಟರೆ, ‘ಇರಿ ಸ್ವಾಮಿ’ ಎನ್ನುತ್ತಾರೆ. ‘ಅವನನ್ನ ಹೀಗೆ ಕಾಯೋಕೆ ಅವತ್ತು ಇಲ್ಲಿ ಯಾರೂ ಇರ್ಲಿಲ್ಲ.’

ಮುದ್ರಣಾಲಯದ ಮುಂದೆ ಎಲ್ಲವನ್ನೂ ಬೀದಿಗೆ ಇಳಿಸಿ, ಯಂತ್ರ ತೆಗೆದು, ಮತ್ತೆ ಹೇರಿ ಕಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿದೆ. ಖಾಲಿಯಾದ ಜಾಗಕ್ಕೆ ಕಪಾಟು ಬರುತ್ತದೆ. ಆ ಹೆಂಗಸು ಯಂತ್ರದ ಹಿಡಿಯನ್ನು ಒಮ್ಮೆ ಸೆರಗಿನಿಂದ ಒರೆಸಿ ಬಂದು ವ್ಯಾನು ಹತ್ತುತ್ತಾರೆ. ನೀರು ಕುಡಿಯುತ್ತಿದ್ದ ಮಾವನನ್ನು, ನಿಮಗೆ ಇನ್ನೇನಾಗಬೇಕು ಎಂದು ಕೇಳುತ್ತೇನೆ. ಕೆಲಸ ಬಿಡುವ ಯೋಚನೆ ಇಲ್ಲ, ಭುಜ ಇರುವ ತನಕ ನಡೆಯಲಿ ಎನ್ನುತ್ತಾರೆ. ಆಮೇಲೆ ತಡೆದು ಹೇಳುತ್ತಾರೆ: ‘ಅವಳಮ್ಮ ನನ್ನನ್ನ ಬೈದ್ರೂ ಪರವಾಗಿಲ್ಲ. ಮನೇಲಿ ಒಂದು ಮಾತು ಕೇಳಿಸಿದ್ರೆ ಸಾಕು.’

ಮರುದಿನ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ಮಾವ ಗಂಟು ಬಿಚ್ಚುತ್ತಿದ್ದಾರೆ. ಎಲ್ಲ ಹೊದಿಕೆಗಳ ಮೇಲೆ ಕೆಂಪಂಚಿನ ಕಂಬಳಿ ಮಡಿಸಿ ಕೂತಿದೆ. ಹಿಂದಿನ ಸಂಜೆ ಪುಟ್ಟಿ ಅದನ್ನು ಮನೆಗೆ ತಂದು ತಾಯಿಯ ಕೈಗೆ ಕೊಟ್ಟಳಂತೆ. ತಾಯಿ ಟ್ರಂಕಿನ ತನಕ ಒಯ್ದರಂತೆ, ಮುಚ್ಚಳವನ್ನೂ ಎತ್ತಿದರಂತೆ. ಆಮೇಲೆ ಹಿಂದಿರುಗಿ ನೋಡಿ, ‘ನಾಳೆಗೂ ಬೇಕಾ, ಭಾವ?’ ಎಂದು ಕೇಳಿದರಂತೆ.

‘ಬೇಕು ಅಂದೆ’ ಎನ್ನುತ್ತಾರೆ ಮಾವ. ಕಂಬಳಿಯನ್ನು ಆಸನದ ಬೆನ್ನಿಗೆ ಹೊದಿಸಿ, ಅಂಚು ಸರಿಮಾಡಿ, ಮುಷ್ಟಿ ಕಟ್ಟಿಕೊಂಡು ಚಕ್ರದ ಕಡೆಗೆ ನಡೆಯುತ್ತಾರೆ.